ಕರೆಂಟ್ ರೇಟ್ ಯಾರು ಫಿಕ್ಸ್ ಮಾಡ್ತಾರ್ರಿ? ಆರ್‌ಟಿಪಿಎಸ್ (ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರ) ಪಕ್ಕದಾಗೇ ಅದ, ಆದ್ರೂ ನಮಗ್ಯಾಕ ಅಗ್ಗ ಇಲ್ಲ?

ಸಿಂಧನೂರು ಗಿರಣಿ:
ನಮಸ್ಕಾರ್ರಿ ಎಲ್ಲರಿಗೂ. ನಮ್ದು ಸಣ್ಣ ಹಿಟ್ಟಿನ ಗಿರಣಿ. ಬಿಲ್ಲಿನಾಗ ಯೂನಿಟ್ ರೇಟ್ ಬ್ಯಾರೆ, ಫಿಕ್ಸೆಡ್ ಚಾರ್ಜ್ ಬ್ಯಾರೆ, ಇವನ್ನ ನಮ್ಮ ಕಡೆ ಕರೆಂಟ್ ಹಂಚೋ ಕಂಪನಿ ಜೆಸ್ಕಾಂನವ್ರು ಹಾಕ್ತಾರೋ ಸರ್ಕಾರ ಹಾಕ್ತದೋ? ಶಕ್ತಿನಗರದಾಗ ಆರ್‌ಟಿಪಿಎಸ್, ಯರಮರಸ್‌ನಾಗ ವೈಟಿಪಿಎಸ್, ಅತ್ಲಾಗ ಕುಡತಿನಿಯಾಗ ಬಿಟಿಪಿಎಸ್, ಮೂರೂ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಸ್ಥಾವರ, ಹಾರುಬೂದಿ ನಮಗ ಕರೆಂಟ್ ಊರಿಗೆಲ್ಲ, ಹಂಗಿದ್ಮ್ಯಾಲ ನಮ್ಮ ಕಡೆ ರೇಟ್ ಕಡಿಮಿ ಇರಬೇಕಲ್ರಿ?

ಕೊಪ್ಪಳದಾಂವ:
ಇಬ್ರೂ ಅಲ್ರಿ ಅಣ್ಣಾರ. ರೇಟ್ ಫಿಕ್ಸ್ ಮಾಡೋದು ಕೆಇಆರ್‌ಸಿ, ಅಂದ್ರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, 1999ರಾಗ ಆಗಿದ್ದು. ಜೆಸ್ಕಾಂ ತನ್ನ ಖರ್ಚಿನ ಲೆಕ್ಕ ಬರದು ಅರ್ಜಿ ಹಾಕತೈತಿ, ಅದನ್ನ ಪೇಪರ್‌ನಾಗ ಪ್ರಕಟ ಮಾಡಬೇಕು, ಜನರ ಆಕ್ಷೇಪಣೆ ಕೇಳಬೇಕು, ಅರ್ಜಿ ಬಂದ 120 ದಿನದಾಗ ಆಯೋಗ ಆದೇಶ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯಾಗೇ ಐತಿ. ಕಂಪನಿ ಕೇಳಿದಷ್ಟೂ ಸಿಗಂಗಿಲ್ಲ, ಲೈನ್ ಲಾಸ್‌ಗೂ (ದಾರ್ಯಾಗ ಸೋರಿ ಹೋಗೋ ಕರೆಂಟ್) ಆಯೋಗ ಮಿತಿ ಹಾಕಿರತೈತಿ. 10 ಎಚ್‌ಪಿ ತನಕ ಪಂಪ್‌ಸೆಟ್ ಫ್ರೀ ಐತೆಲ್ರಿ, ಅದು ಸರ್ಕಾರದ ತೀರ್ಮಾನ, ಅದರ ರೊಕ್ಕ ಸರ್ಕಾರನೇ ಮುಂಗಡ ಕಟ್ಟಬೇಕು, ಅದೇ ಕಾಯ್ದೆಯ 65ನೇ ಸೆಕ್ಷನ್.

ಬಳ್ಳಾರಿ ಹುಡುಗ:
ಬೂದಿ ವಿಷ್ಯದಲ್ಲಿ ನಿಮ್ ನೋವು ನಿಜ ಅಣ್ಣ, ಅದ್ಕೆ ಪರಿಹಾರ ಕೇಳ್ಲೇಬೇಕು, ಆದ್ರೆ ಅದು ಪೊಲ್ಯೂಷನ್ ಬೋರ್ಡ್ ಕಡೆ ಹೋಗೋ ಮಾತು. ರೇಟ್ ಲೆಕ್ಕ ಬೇರೆ ಐತೆ. ಪ್ಲಾಂಟ್ ಇಲ್ಲಿದ್ರೂ ಕಲ್ಲಿದ್ದಲು ಹೊರಗಿಂದ ರೈಲಲ್ಲಿ ಬರ್ಬೇಕು, ತಯಾರಾದ ಕರೆಂಟು ಗ್ರಿಡ್‌ಗೆ, ಅಂದ್ರೆ ಎಲ್ಲಾ ಕಡೆ ಹಬ್ಬಿರೋ ಲೈನ್ ಜಾಲಕ್ಕೆ ಸೇರ್ತೈತೆ, ಎಸ್ಕಾಂಗಳು (ಜೆಸ್ಕಾಂ ತರದ ಹಂಚೋ ಕಂಪನಿಗಳು) ಅಲ್ಲಿಂದ ಕೊಳ್ತಾವೆ, ಅದ್ಕೇ ಪ್ಲಾಂಟ್ ಹತ್ರ ಇದ್ದೋರಿಗೆ ಅಂತ ಅಗ್ಗ ಆಗಲ್ಲ, ಜೆಸ್ಕಾಂ ಖರ್ಚಲ್ಲಿ ದೊಡ್ಡ ಪಾಲು ಈ ಖರೀದಿದೇ. ಆ ಖರೀದಿ ಒಪ್ಪಂದಕ್ಕೂ ಆಯೋಗದ ಒಪ್ಪಿಗೆ ಬೇಕು, ಇಷ್ಟು ಪಾಲು ಸೋಲಾರ್ ಗಾಳಿಯದ್ದೇ ಕೊಳ್ಳಬೇಕು ಅಂತ ಹೇಳೋದೂ ಆಯೋಗನೇ. ನನ್ ಪ್ರಕಾರ ಯೂನಿಟ್ ರೇಟ್‌ಗಿಂತ ಇದೇ ಮುಖ್ಯ, ಒಂದ್ಸಲ ಸೈನ್ ಆದ್ರೆ 20-25 ವರ್ಷ ಅದ್ರ ಖರ್ಚು ನಮ್ ಬಿಲ್ಲಲ್ಲೇ ಬರ್ತೈತೆ.

ಸಿಂಧನೂರು ಗಿರಣಿ:
ಹಂಗಂದ್ರ ನಮ್ಮಂಥವ್ರು ಆಯೋಗದ ಮುಂದ ಮಾತಾಡಬಹುದೇನ್ರಿ, ವಕೀಲರು ಬೇಕಾ?

ಕೊಪ್ಪಳದಾಂವ:
ವಕೀಲರು ಬ್ಯಾಡ್ರಿ. ನೋಟಿಸ್‌ನಾಗ ಕೊಟ್ಟ ತಾರೀಖಿನೊಳಗ ಆಕ್ಷೇಪಣೆ ಬರದು ಕಳಸ್ರಿ, ಸಾರ್ವಜನಿಕ ವಿಚಾರಣೆ ಇಟ್ಟಾಗ ಹೋಗಿ ಕನ್ನಡದಾಗೇ ಹೇಳ್ರಿ. ರೇಟ್ ಜಾಸ್ತಿ ಆತು ಅಂತಷ್ಟೇ ಬರದ್ರ ಸಾಲಂಗಿಲ್ಲ, ನಮ್ಮ ಫೀಡರ್‌ನಾಗ (ಊರಿಗೆ ಬರೋ ಕರೆಂಟ್ ಲೈನ್) ಎಷ್ಟು ತಾಸು ಕರೆಂಟ್ ಇರತೈತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ರ ಎಷ್ಟು ದಿನಕ್ಕ ಬದಲಿ ಮಾಡ್ತಾರ ಅಂತ ತಾರೀಖು ಸಮೇತ ಬರೀರಿ. ನಿಮ್ಮೊಬ್ಬರದೇ ಬಿಲ್ ತಪ್ಪಿದ್ರ ಆಯೋಗ ತಗೊಳ್ಳಂಗಿಲ್ಲ, ಅದಕ್ಕ ಗ್ರಾಹಕರ ಕುಂದುಕೊರತೆ ವೇದಿಕೆ ಐತಿ, ಅಲ್ಲೂ ಆಗ್ಲಿಲ್ಲಂದ್ರ ವಿದ್ಯುತ್ ಓಂಬುಡ್ಸ್‌ಮನ್ ಹತ್ರ ಹೋಗ್ರಿ.