ಶೋಭಾ, ಬಣ್ಣ ಬಳಿದ ಬಾಲ್ ಮಾತ್ರ ತರಬೇಡಮ್ಮ

ಶೋಭಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ನಿಶು ಗಾಲ್ಫ್ ಆಟದ ಒಂದೇ ರೌಂಡ್‌ನಲ್ಲಿ ಐದು ಬಾಲ್ ನೀರಿಗೆ ಹಾಕಿದ, ಕೋಚ್ ಪ್ರೊ ವಿ ಒನ್ ಅನ್ನುವ ದುಬಾರಿ ಬಾಲ್ ತನ್ನಿ ಅನ್ನುತ್ತಾರೆ, ಅಂಗಡಿಯವನು ಡಜನ್‌ಗೆ 5,000 ಹೇಳಿದ, ಆನ್‌ಲೈನ್‌ನಲ್ಲಿ ರಿಫಿನಿಶ್ಡ್ ಬಾಲ್ ಅರ್ಧ ಬೆಲೆಗೆ ಸಿಗುತ್ತದೆ, ತರಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ತರಬೇಡಮ್ಮ. ಹಳೆ ಬಾಲ್‌ಗೆ ಹೊಸ ಬಣ್ಣ ಬಳಿದದ್ದನ್ನು ಮಾತ್ರ ತರಬೇಡ.

ನಾನು ಫ್ಯಾಕ್ಟರಿಯಲ್ಲಿದ್ದಾಗ ಆಡುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. 1988. ಟೂರ್ನಮೆಂಟ್‌ಗೆ ಎರಡು ದಿನ ಇತ್ತು, ಚೀಲದಲ್ಲಿ ಒಂದೂ ಒಳ್ಳೆ ಬಾಲ್ ಇಲ್ಲ. ಆಗ ಯಾರಾದರೂ ಫಾರಿನ್‌ನಿಂದ ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈದಾನದ ಗೇಟಿನ ಹತ್ತಿರ ಒಬ್ಬ ಮಾರುತ್ತಿದ್ದ. ಹಾಲಿನ ಹಾಗೆ ಬೆಳ್ಳಗಿದ್ದವು. ಚೌಕಾಸಿ ಮಾಡಿ ಒಂದು ಡಜನ್ ತಗೊಂಡೆ.

ಮೊದಲ ಹೊಡೆತ ಚೆನ್ನಾಗಿಯೇ ಬಿತ್ತು, ಅದು ಕೈಗೆ ಗೊತ್ತಾಗುತ್ತದೆ. ಆದರೆ ಬಾಲ್ ಏರಲೇ ಇಲ್ಲ. ಆರನೇ ಹೋಲ್‌ನಲ್ಲಿ ಕೊಳ ದಾಟಿಸಬೇಕು. ಸೆವೆನ್ ಐರನ್ ಅನ್ನುವ ಕೋಲಿನಲ್ಲಿ ನನಗೆ ಆಗ 140 ಗಜ ಸಲೀಸು. ಆಚೆ ದಡ ಇನ್ನೂ ಹತ್ತು ಗಜ ಇರುವಾಗಲೇ ಬಾಲ್ ಕುಸಿದು ನೀರಿಗೆ ಬಿತ್ತು. ಇನ್ನೊಂದು ಹೊಡೆದೆ, ಅದೂ ನೀರಿಗೆ. ಆ ಒಂದೇ ಹೋಲ್‌ಗೆ 9 ಹೊಡೆತ ಆಯಿತು.

ಸಂಜೆ ಜಗಲಿಯಲ್ಲಿ ಕೂತು ಉಳಿದ ಬಾಲ್‌ಗಳಲ್ಲಿ ಒಂದನ್ನು ಉಗುರಿನಿಂದ ಕೆರೆದೆ. ಹಳೇ ಗೋಡೆಯ ಸುಣ್ಣದ ಹಾಗೆ ಬಣ್ಣ ಹಕ್ಕಳೆಹಕ್ಕಳೆಯಾಗಿ ಎದ್ದಿತು. ಬಾಲ್ ಮೇಲಿನ ಸಣ್ಣ ಗುಳಿಗಳಲ್ಲೆಲ್ಲ ಬಣ್ಣ ತುಂಬಿಕೊಂಡು ಆಳವೇ ಇರಲಿಲ್ಲ. ಇನ್ನೂ ಕೆರೆದೆ. ಅಡಿಯಲ್ಲಿ ಎರಡು ಕೆಂಪು ಚುಕ್ಕೆ. ನಿಮ್ಮ ದೊಡ್ಡಮ್ಮನ ನೇಲ್ ಪಾಲಿಶ್‌ನಿಂದ ನಾನು ಇಡುತ್ತಿದ್ದ ಗುರುತು! ಹಿಂದಿನ ಮಳೆಗಾಲದಲ್ಲಿ ಅದೇ ಕೊಳಕ್ಕೆ ಹೋದ ನನ್ನದೇ ಬಾಲ್. ಅದನ್ನೇ ಎತ್ತಿ, ಬಣ್ಣ ಹೊಡೆದು, ನನಗೇ ಮಾರಿದ್ದ.

ಆ ಗುಳಿಗಳು ಅಂದಕ್ಕೆ ಇರುವುದಲ್ಲಮ್ಮ. ಬಾಲ್ ಗಾಳಿಯಲ್ಲಿ ನಿಲ್ಲುವುದೇ ಅವುಗಳಿಂದ. ಪೂರ್ತಿ ನುಣುಪಾದ ಬಾಲ್ ಸುಮಾರು ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ಹಿಂದೆ, 1848ರ ಹೊತ್ತಿಗೆ, ಗಟ್ಟಾಪರ್ಚಾ ಅನ್ನುವ ಮರದ ಅಂಟಿನ ಬಾಲ್ ಬಂದಾಗ, ಹೊಸದಕ್ಕಿಂತ ಪೆಟ್ಟು ತಿಂದು ಗಾಯವಾದದ್ದೇ ನೆಟ್ಟಗೆ ಹೋಗುತ್ತದೆ ಅಂತ ಆಟಗಾರರೇ ಕಂಡುಕೊಂಡರು. ಗುಳಿ ಹುಟ್ಟಿದ್ದೇ ಹಾಗೆ. ಜೊತೆಗೆ, ತಿಂಗಳುಗಟ್ಟಲೆ ನೀರಿನಲ್ಲಿ ಬಿದ್ದಿದ್ದರೆ ಬಾಲ್‌ನ ಪುಟಿತವೂ ಕಮ್ಮಿಯಾಗುತ್ತದೆ. ಮೇಲೆ ಬಣ್ಣ ಬಳಿದರೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಬಣ್ಣ ಬಳಿದ ಬಾಲ್ ತರಬೇಡ. ಹುಡುಗ ತನ್ನ ಹೊಡೆತವೇ ಸರಿಯಿಲ್ಲ ಅಂದುಕೊಂಡು ಕೊರಗುತ್ತಾನೆ.

ಆ ಬಾಲ್‌ನ್ನು ನಾನು ಬೋರ್ನ್‌ವಿಟಾ ಡಬ್ಬಿಯಲ್ಲಿ ಇಟ್ಟಿದ್ದೆ. ಮೈಸೂರಿನ ಸರಸ್ವತಿಪುರಂ ಮನೆಯ ಅಟ್ಟದಲ್ಲಿ, ನನ್ನ ಚೀಲ, ಎರಡು ಕಪ್, ಉದ್ದ ಹೊಡೆಯುವ ಮರದ ತಲೆಯ ಕೋಲು, ಅದೇ ಡ್ರೈವರ್, ಜೊತೆ. ಮನೆ ಮಾರಿದಾಗ ಎಲ್ಲ ಗುಜರಿಗೆ ಹೋಯಿತು. ನನಗೆ ಒಂದು ಫೋನ್ ಮಾಡಬಹುದಿತ್ತು, ಅಲ್ವಾ? ಬೆಂಗಳೂರು ಎಷ್ಟು ದೂರ, ಬೆಳಿಗ್ಗೆ ಬಸ್ ಹತ್ತಿದ್ದರೆ ಮಧ್ಯಾಹ್ನಕ್ಕೆ ಬರುತ್ತಿದ್ದೆ. ಅಮ್ಮನ ಒರಳುಕಲ್ಲಿಗೂ ಅದೇ ಗತಿ ಆಯಿತು. ಯಾರು ಮಾಡಿದ್ದು ಅಂತ ಈ ಗ್ರೂಪ್‌ನಲ್ಲಿ ಹೇಳುವುದಿಲ್ಲ. ಆದರೆ ನನಗೆ ಈಗಲೂ ನೋವಿದೆ.

ಹ್ಞಾಂ, ನೀನು ಕೇಳಿದ್ದಕ್ಕೆ ಬರುತ್ತೇನೆ. ಕೋಚ್ ಹೇಳಿದ್ದು ತಪ್ಪಲ್ಲ. ಪ್ರೊ ವಿ ಒನ್ 2000ದಿಂದ ಇದೆ, ಮೂರು ಪದರ, ಮೇಲೆ ಮೆತ್ತನೆಯ ಯುರಿಥೇನ್ ಹೊದಿಕೆ. ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಸ್ಪಿನ್ ಹಿಡಿದು ಬೇಗ ನಿಲ್ಲುತ್ತದೆ. ಆದರೆ ರೌಂಡಿಗೆ ಐದು ಕಳೆಯುವ ಹುಡುಗನಿಗೆ ಈಗಲೇ ಬೇಡ. ಟೂ ಪೀಸ್ ಬಾಲ್ ಕೇಳು, ಒಳಗೊಂದು ತಿರುಳು, ಮೇಲೊಂದು ಹೊದಿಕೆ, ಅಷ್ಟೇ. ಆ ಹೊದಿಕೆ ಸರ್ಲಿನ್, ಇಲ್ಲವೇ ಅಂಥದೇ ಅಯೊನೊಮರ್ ಪ್ಲಾಸ್ಟಿಕ್. ಗಟ್ಟಿ, ಬೇಗ ಹರಿಯುವುದಿಲ್ಲ, ಬೆಲೆ ಎಷ್ಟೋ ಕಮ್ಮಿ, ದೂರಕ್ಕೇನೂ ಕೊರತೆಯಿಲ್ಲ. ಸೆಕೆಂಡ್ ಹ್ಯಾಂಡೇ ಬೇಕೆಂದರೆ ಬರೀ ತೊಳೆದು ಮಾರುವುದನ್ನು ತಗೋ, ಗೀರು, ಹಳೇ ಗುರುತು ಕಂಡರೂ ಪರವಾಗಿಲ್ಲ.

ಒಂದೇ ಬ್ರಾಂಡ್, ಒಂದೇ ಮಾಡೆಲ್ ಇರಲಿ. ದಿನಕ್ಕೊಂದು ಬದಲಾಯಿಸಿದರೆ ಕೈಗೆ ಅಂದಾಜು ಸಿಗುವುದಿಲ್ಲ. ಮೊದಲು ಗ್ರೀನ್ ಹತ್ತಿರ ಮೆಲ್ಲಗೆ ಎತ್ತಿ ಹೊಡೆದು ಚಿಪ್ ಮಾಡಿ, ನೆಲದ ಮೇಲೆ ಉರುಳಿಸಿ ಪಟ್ ಮಾಡಿ ನೋಡಲಿ, ಡ್ರೈವರ್ ಆಮೇಲೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದದ್ದು ಉದ್ದ ಹೊಡೆದಲ್ಲ, ಪಟ್ಟಿಂಗ್‌ನಿಂದ. ರೌಂಡಿಗೆ ಒಂದೋ ಎರಡೋ ಬಾಲ್ ಕಳೆಯುವಷ್ಟು ಆಟ ಹದಕ್ಕೆ ಬಂದ ಮೇಲೆ ಹೇಳು, ಯುರಿಥೇನ್ ಬಾಲ್‌ನ ಮೊದಲ ಬಾಕ್ಸ್ ನಾನೇ ಕೊಡಿಸುತ್ತೇನೆ.

ಮತ್ತೆ ಬಾಲ್ ಮೇಲೆ ಗುರುತು ಹಾಕಲು ಹೇಳು. ಬೇರೆಯವರ ಬಾಲ್ ಹೊಡೆದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ 2 ಸ್ಟ್ರೋಕ್ ದಂಡ. ನನ್ನ ಎರಡು ಕೆಂಪು ಚುಕ್ಕೆ ಬೇಕಾದರೆ ಅವನೇ ಇಟ್ಟುಕೊಳ್ಳಲಿ.