ಸಹಾಯ ಬೇಕು: ಪೂರ್ತಿ ಬಲಿತ ಕಣ್ಣಿನ ಪೊರೆಗೆ ಫೇಕೋ ಸೂಕ್ತವೇ, ಎಸ್‌ಐಸಿಎಸ್ ಸೂಕ್ತವೇ?

ಸದಸ್ಯರೆಲ್ಲರಿಗೂ ನಮಸ್ಕಾರ. 74 ವರ್ಷದ ನಮ್ಮ ತಾಯಿಯವರ ಬಲಗಣ್ಣಿನ ಪೊರೆ ಪೂರ್ತಿ ಬಲಿತು ಕಂದು ಬಣ್ಣಕ್ಕೆ ತಿರುಗಿದ್ದು, ಅಕ್ಕಿ ಆರಿಸುವಾಗ ಕಲ್ಲನ್ನು ಬೆರಳಿನಿಂದಲೇ ತಡಕಿ ಹುಡುಕುವ ಸ್ಥಿತಿಗೆ ಬಂದಿದ್ದಾರೆ. ಪೊರೆ ತೆಗೆಯುವ ಎರಡು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಒಬ್ಬ ವೈದ್ಯರು ಫೇಕೋ ಮಾಡಿಸಿ ಎಂದರೆ, ಇನ್ನೊಬ್ಬರು ಎಸ್‌ಐಸಿಎಸ್ ಸಾಕು ಎನ್ನುತ್ತಾರೆ.

ನಾನು ತಿಳಿದುಕೊಂಡಂತೆ, ಫೇಕೋದಲ್ಲಿ 2ರಿಂದ 3 ಮಿ.ಮೀ. ಸೀಳಿನ ಮೂಲಕ ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆದು, ಮಡಚಬಲ್ಲ ಕೃತಕ ಮಸೂರವನ್ನು ಕೂರಿಸುತ್ತಾರೆ. ಎಸ್‌ಐಸಿಎಸ್‌ನಲ್ಲಿ ಸುಮಾರು 6ರಿಂದ 7 ಮಿ.ಮೀ. ಸೀಳಿನಿಂದ ಗಟ್ಟಿ ತಿರುಳನ್ನು ಸಾಮಾನ್ಯವಾಗಿ ಇಡಿಯಾಗಿಯೇ ಹೊರತೆಗೆಯುತ್ತಾರಾದರೂ, ಬಿಳಿಗುಡ್ಡೆಯಲ್ಲಿ ಸುರಂಗದಂತೆ ಓರೆಯಾಗಿ ಕೊರೆಯುವುದರಿಂದ ಹೆಚ್ಚಿನವರಿಗೆ ಹೊಲಿಗೆ ಬೇಕಾಗುವುದಿಲ್ಲ. ಫೇಕೋದಿಂದ ಸಿಲಿಂಡರ್ ಪವರ್ (ಕಣ್ಣಿನ ಮುಂಭಾಗದ ಬಾಗು ಅಸಮವಾಗುವುದರಿಂದ ಬೇಕಾಗುವ ಕನ್ನಡಕದ ಪವರ್) ಕಡಿಮೆ ಬರುತ್ತದೆ, ನಿಜ. ಆದರೆ ಕಲ್ಲಿನಂತಾದ ಪೊರೆಯನ್ನು ಒಡೆಯಲು ಹೆಚ್ಚು ಶಕ್ತಿ ಬಳಸಬೇಕಾಗಿ ಬಂದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಒಳಪದರದ ಕೋಶಗಳಿಗೆ ಪೆಟ್ಟಾಗಬಹುದೆಂಬುದೇ ನನ್ನ ಚಿಂತೆ.

ಇಷ್ಟೇ ಬಲಿತ ಪೊರೆಯನ್ನು ಮನೆಯ ಹಿರಿಯರಿಗೆ ತೆಗೆಸಿದವರು, ದೃಷ್ಟಿ ತಿಳಿಯಾಗಲು ಎಷ್ಟು ದಿನ ಹಿಡಿಯಿತು, ಆಮೇಲೆ ಕನ್ನಡಕದ ಪವರ್ ಎಷ್ಟು ಉಳಿಯಿತು ಎಂಬುದನ್ನು ದಯವಿಟ್ಟು ತಿಳಿಸಿ. ನೇತ್ರತಜ್ಞರು ಗುಂಪಿನಲ್ಲಿದ್ದರೆ, ಶಸ್ತ್ರಚಿಕಿತ್ಸೆಗೆ ಮುನ್ನ ಕಾರ್ನಿಯಾ ಕೋಶಗಳ ಎಣಿಕೆ ಮಾಡಿಸಬೇಕೇ ಎಂಬುದನ್ನೂ ಹೇಳಿದರೆ ಬಹಳ ಉಪಕಾರವಾಗುತ್ತದೆ.