ಅಪ್‌ಡೇಟ್: ಮೂತ್ರ ಮಾಡುವಾಗ ಕಿರುಚುತ್ತಿದ್ದ ನಮ್ಮ ಗಿನಿಪಿಗ್

ನಮ್ಮ ಗಿನಿಪಿಗ್ ಬೆನ್ನು ಗೂನು ಮಾಡಿಕೊಂಡು, ಕೀಂಯ್ ಅಂತ ಅಳುತ್ತಾ ಮೂತ್ರ ಮಾಡುತ್ತದೆ, ಹಾಸಿದ ಬಟ್ಟೆ ಮೇಲೆ ಕೆಂಪು ಕಲೆ ಇದೆ, ಏನು ಮಾಡಲಿ ಅಂತ ಕೇಳಿದ್ದೆ. ಎಕ್ಸ್‌ರೇ ಮಾಡಿಸಿ ಅಂದವರಿಗೆ ಥ್ಯಾಂಕ್ಸ್.

ಮೊದಲು ತೋರಿಸಿದ ಕಡೆ ಬರೀ ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ನಾಲ್ಕು ದಿನ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತೆ ರಕ್ತ. ಎರಡನೇ ಡಾಕ್ಟರ್ ಎಕ್ಸ್‌ರೇ ತೆಗೆದರು. ಮೂತ್ರಕೋಶದಲ್ಲಿ ಬಟಾಣಿ ಗಾತ್ರದ ಬಿಳಿ ಚುಕ್ಕೆ. ಕಲ್ಲು! ಇವುಗಳ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಔಷಧಿಗೆ ಕರಗುವುದಿಲ್ಲ, ಆಪರೇಷನ್ನೇ ದಾರಿ ಅಂದರು.

ಆಪರೇಷನ್ ಸಲೀಸಾಗಿ ಆಯಿತು. ಕಷ್ಟವಾಗಿದ್ದು ಆಮೇಲೆ. ಇವು ತಿನ್ನುವುದು ಬಿಟ್ಟರೆ ಕರುಳೇ ನಿಂತುಬಿಡುತ್ತದೆ, ಅಲ್ವಾ? ಎರಡು ರಾತ್ರಿ ಎದ್ದೆದ್ದು, ಹುಲ್ಲಿನ ಪುಡಿಯನ್ನು ಗಂಜಿ ಹಾಗೆ ಕಲಸಿ ಸಿರಿಂಜ್‌ನಲ್ಲಿ ಬಾಯಿಗೆ ಹಾಕಿದೆ. ಅರ್ಧ ನನ್ನ ಅಂಗಿ ಮೇಲೆ. ನೋವಿಗೆ ಡಾಕ್ಟರ್ ಮೆಲಾಕ್ಸಿಕ್ಯಾಮ್ ಬರೆದಿದ್ದರು. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರ ಸುಮ್ನೆ ಕುಡಿಸಬೇಡಿ, ಇವುಗಳ ಜೀವಕ್ಕೇ ಅಪಾಯ.

ಈಗ ಆಲ್ಫಾಲ್ಫಾ (ಕುದುರೆಮೆಂತ್ಯ) ಮೇವು ಬಂದ್, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಟಿಮೊಥಿ ಹುಲ್ಲು ಕೊಡುತ್ತಿದ್ದೇನೆ. ಹೊಟ್ಟೆಗೆ ನೀರು ಜಾಸ್ತಿ ಹೋಗಲಿ ಅಂತ ಸೊಪ್ಪು ತೊಳೆದು ನೀರು ಒರೆಸದೇ ಹಾಕುತ್ತೇನೆ. ಕಲ್ಲು ಮತ್ತೆ ಬರಬಹುದಂತೆ, ಆಗಾಗ ಎಕ್ಸ್‌ರೇ ಮಾಡಿಸಬೇಕು.

ನಿನ್ನೆ ನನ್ನ ಮಡಿಲಲ್ಲೇ ಮೂತ್ರ ಮಾಡಿತು. ಒಂಚೂರೂ ಸದ್ದಿಲ್ಲ!